ನಕ್ಕರೆ ಬೀಳುವ ಹುಡುಗಿ

ಯಂತ್ರದ ಪರದೆಯ ಮೇಲೆ ಗೆರೆ ಏರುತ್ತಿದೆ, ಈ ಜಾಗದಲ್ಲಿ ಸಣ್ಣದೊಂದು ದಿಬ್ಬ ಇರಬೇಕಿತ್ತು ಅಷ್ಟೇ, ಇದು ಪರದೆಯ ಅಂಚನ್ನೇ ಮುಟ್ಟಿತು, ರಕ್ತಕ್ಕೆ ಗಾಳಿ ತಾಗಿರಬೇಕು, ಗಾಳಿ ತಾಗಿದರೂ ಕೊಲೆಸ್ಟ್ರಾಲಿಗೆ ಆಮ್ಲಜನಕ ಅಂಟಿ ಹೀಗೇ ಕಾಣುತ್ತದೆ, ಕೊಳವೆಯ ಮುಚ್ಚಳ ನಾನೇ ಸಡಿಲ ಬಿಟ್ಟಿದ್ದೆನೇನೋ — ಬಿಟ್ಟಿದ್ದರೆ ಎಷ್ಟು ಚೆನ್ನ, ಈ ಪ್ರಯೋಗಾಲಯದ ಹದಿನೆಂಟು ವರ್ಷಗಳಲ್ಲಿ ನನ್ನ ಕೈ ತಪ್ಪಿರಲಿ ಎಂದು ಬೇಡಿಕೊಳ್ಳುತ್ತಿರುವುದು ಇದೇ ಮೊದಲು. ಕೊಳವೆಯ ಮೇಲೆ ಬರೀ ಸಂಖ್ಯೆ, ಆದರೆ ರಕ್ತ ಅಣ್ಣನ ಮಗಳದ್ದು, ಏಳು ವರ್ಷದ ಗುಬ್ಬಿಯದ್ದು, ನಿಮ್ಮವರದ್ದಾದ್ರೆ ಬೇರೆಯವರು ಮಾಡ್ಲಿ ಬಿಡಿ ಎಂದಿದ್ದರು ಮುಖ್ಯಸ್ಥರು, ಬೇಡ ಸರ್, ನಾನೇ ಮಾಡ್ತೀನಿ. ಎರಡನೇ ಕೊಳವೆ ಇಟ್ಟೆ, ಮುಚ್ಚಳವನ್ನು ಮೂರು ಸಲ ನೋಡಿದೆ, ಇನ್ನು ಹನ್ನೆರಡು ನಿಮಿಷ.

ಅವಳಿಗ್ಯಾಕೆ ಕೊಲೆಸ್ಟ್ರಾಲ್ ಪರೀಕ್ಷೆ, ಕಡ್ಡಿ ಥರ ಇದ್ದಾಳೆ, ಅಂದಿದ್ದಳು ಅತ್ತಿಗೆ, ಅದು ಎಣ್ಣೆ ತಿಂದು ಬರುವುದಲ್ಲ ಅತ್ತಿಗೆ ಅಂದೆ, ಮುಂದಿನದನ್ನು ನುಂಗಿಕೊಂಡೆ, ಆಮ್ಲಜನಕ ಅಂಟಿದ ಕೊಲೆಸ್ಟ್ರಾಲ್ ಶತ್ರುವೇನಲ್ಲ, ಮೆದುಳು ತನಗೆ ಬೇಡವಾದದ್ದನ್ನು ಹೊರಗೆ ಕಳಿಸುವುದೇ ಹಾಗೆ ಅಂಟಿಸಿ, ಆದರೆ ಕೆಲವು ಮಕ್ಕಳ ಜೀವಕೋಶದಲ್ಲಿ ಹುಟ್ಟಿನಿಂದಲೇ ಒಂದು ಬಾಗಿಲು ಕಚ್ಚಿಕೊಂಡಿರುತ್ತದೆ, ಕೊಲೆಸ್ಟ್ರಾಲ್ ಒಳಗೇ ಕೂತು ತುಕ್ಕು ಹಿಡಿಯುತ್ತದೆ, ಆ ತುಕ್ಕು ರಕ್ತಕ್ಕೆ ಚೆಲ್ಲುತ್ತದೆ, ನಾನು ಅಳೆಯುವುದು ಅದನ್ನೇ, ಒಳಗೆ ಪಿತ್ತಜನಕಾಂಗ, ಗುಲ್ಮ, ಕೊನೆಗೆ ಮೆದುಳು ಕೆಡುತ್ತವೆ — ಗುಲ್ಮ ಸ್ವಲ್ಪ ದೊಡ್ಡದಾಗಿದೆ ಎಂದು ವೈದ್ಯೆ ಹೊಟ್ಟೆ ಒತ್ತಿ ನೋಡಿ ಹೇಳಿದ್ದರು, ಕಣ್ಣು ಕೆಳಗೆ ಹೊರಳುತ್ತಿಲ್ಲ ಎಂದರು, ಆಮೇಲೆ ಕೇಳಿದರು, ನಕ್ಕಾಗ ಬೀಳ್ತಾಳಾ, ಈ ಕಾಯಿಲೇಲಿ ನಕ್ರೆ ಮೈ ಬಲ ಹೋಗತ್ತೆ. ಬೀಳುತ್ತಿದ್ದಳು, ಇವಳದ್ದೆಲ್ಲಾ ನಾಟಕ ಎನ್ನುತ್ತಿದ್ದ ಅಣ್ಣ, ನಾವೂ ನಂಬಿದೆವು, ಬೀಳಿಸಿದವಳು ನಾನೇ, ಭಾನುವಾರ ಹೋದಾಗಲೆಲ್ಲ ನೆಗಡಿಯಾದ ಆನೆಯ ಕಥೆ ಹೇಳಿ, ಆನೆಯ ಹಾಗೆ ಸೀನಿ — ಮಂಡಿ ಮಡಚಿಕೊಳ್ಳುವುದು, ಹಗ್ಗದಿಂದ ಬಟ್ಟೆ ಜಾರಿದ ಹಾಗೆ ಇಡೀ ಮಗು ನೆಲಕ್ಕಿಳಿಯುವುದು, ಕಣ್ಣು ಮಾತ್ರ ತೆರೆದೇ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವುದು, ಮತ್ತೆ ಎದ್ದು, ಇನ್ನೊಂದ್ಸಲ ಹೇಳು ಅತ್ತೆ ಎನ್ನುವುದು, ಇನ್ನೊಂದ್ಸಲ ಹೇಳುತ್ತಿದ್ದೆ.

ಎರಡನೆಯದೂ ಅಷ್ಟೇ ಎತ್ತರ. ಕೈ ತಪ್ಪಿಲ್ಲ. ವೈದ್ಯೆಗೆ ಫೋನು ಮಾಡಿದೆ, ಅಂಕಿ ಓದಿದೆ, ಅವರು ಬರೆದುಕೊಂಡು, ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ, ಔಷಧಿ ಇದೆ, ವಾಸಿ ಮಾಡಲ್ಲ, ನಿಧಾನ ಮಾಡತ್ತೆ, ಮನೇಲಿ ನಾನು ಹೇಳ್ಲಾ ಅಂದರು. ಬೇಡ ಡಾಕ್ಟ್ರೇ, ನಾನೇ ಹೇಳ್ತೀನಿ. ವರದಿಗೆ ಸಹಿ ಹಾಕಿದೆ, ಕೈಗವಸು ಬಿಚ್ಚಿದೆ, ಕೈ ತೊಳೆದೆ, ಮತ್ತೆ ತೊಳೆದೆ, ಅಣ್ಣನಿಗೆ ಫೋನು ಹಚ್ಚಿದೆ. ಬಂತೇನೇ ರಿಪೋರ್ಟು. ಬಂತಣ್ಣ, ಸಂಜೆ ಬರ್ತೀನಿ, ಅತ್ತಿಗೇನೂ ಇರ್ಲಿ. ಆಯ್ತು ಬಾ ಎಂದ, ಅವನ ದನಿಯ ಹಿಂದೆ ಗುಬ್ಬಿ, ಯಾವುದಕ್ಕೋ ನಗುತ್ತಿದ್ದಾಳೆ, ಜೋರಾಗಿ, ಇನ್ನೂ ಜೋರಾಗಿ, ಸಾಕು ಮರಿ, ನಗಬೇಡ ಎನ್ನಲು ಬಾಯಿ ತೆರೆದೆ, ಮಗುವಿಗೆ ನಗಬೇಡ ಅಂತ ಯಾವ ಬಾಯಲ್ಲಿ — ನಗು ಅರ್ಧಕ್ಕೆ ನಿಂತಿತು, ಏನೋ ಮೆತ್ತಗೆ ನೆಲಕ್ಕೆ ತಾಗಿದ ಸದ್ದು, ಏನಿಲ್ಲ, ಬಿದ್ಲು ಅಷ್ಟೇ, ಎನ್ನುತ್ತಾನೆ ಅಣ್ಣ, ಮಂಡಿ, ಮಡಚಿಕೊಳ್ಳುವ ಆ ಪುಟ್ಟ ಮಂಡಿ, ತೆರೆದೇ ಇರುವ ಕಣ್ಣು, ಮಂಡಿ