ಸಂಜೆಗೆ ಕೀಳುವ ಕಂಬ

"ಒಂದೂವರೆ ಅಡಿ ಸಾಕೋ ಬೋಳಿಮಗನೆ! ಬಾವಿ ತೋಡ್ತಾ ಇದೀಯಾ?"

ಎತ್ತಿದ ಹಾರೆ ಎತ್ತಿದಂತೆಯೇ ನಿಂತಿತು. ಗುಂಡಿಯ ಪಕ್ಕದಲ್ಲಿ ಪುರಸಭೆಯ ಇಂಜಿನಿಯರ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದ. ಅವನ ಹಿಂದೆ ಲಾರಿಯಲ್ಲಿ ಎರಡು ಸೋಲಾರ್ ಕಂಬಗಳು ಮಲಗಿದ್ದವು.

"ಇಪ್ಪತ್ತಡಿ ಕಂಬ ಸಾಹೇಬ್ರೆ. ಕಾಂಕ್ರೀಟೂ ಇಲ್ದೆ ಒಂದೂವರೆ ಅಡಿಗೆ ನಿಲ್ಲಲ್ಲ."

"ಸಾಯಂಕಾಲದ ತನಕ ನಿಂತ್ರೆ ಸಾಕು. ಕಲ್ಲು ತುರುಕು, ಮೇಲೆ ಮಣ್ಣು ಎಳಿ. ಮತ್ತೆ ಕೀಳೋನೂ ನೀನೇ ತಾನೆ? ಸೊಂಟ ಮುರ್ಕೊಳ್ಳೋ ಆಸೆ ಯಾಕೆ?"

ಗುಂಡಿಯಲ್ಲಿ ನಿಂತವನನ್ನು ಊರೆಲ್ಲ ಏಣಿ ಎಂದು ಕರೆಯುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅವನು ಊರಿನ ಬೀದಿದೀಪಗಳನ್ನು ಹತ್ತಿ ಇಳಿದವನು, ಇನ್ನೂ ದಿನಗೂಲಿ. ಕಚೇರಿಯಲ್ಲಿ "ಏಣಿ ಕಳಿಸ್ರಿ" ಎಂದರೆ ಏಣಿಯೂ ಬರುತ್ತಿತ್ತು, ಅವನೂ ಬರುತ್ತಿದ್ದ. ಎರಡಕ್ಕೂ ಒಂದೇ ಹೆಸರು ಸಾಕಾಗಿತ್ತು.

ಈಗ ಅಗೆಯುತ್ತಿದ್ದುದು ಅವನದೇ ಓಣಿ. ಊರು ಗುಡಿಸುವವರು, ಚರಂಡಿ ಬಳಿಯುವವರು, ಕಸದ ಗಾಡಿ ತಳ್ಳುವವರು ಇರುವ ನಲವತ್ತು ಮನೆ. ಓಣಿಯ ನಡುವೆ ಒಂದು ತಿರುವು. ತಿರುವಿನಲ್ಲಿ ಊರಿನ ಕೊಳಚೆಯನ್ನೆಲ್ಲ ಹೊತ್ತು ಬರುವ ದೊಡ್ಡ ಚರಂಡಿ ಬಾಯಿ ತೆರೆದುಕೊಂಡಿತ್ತು.

ಎಂಟು ತಿಂಗಳ ಹಿಂದೆ ಪುರಸಭೆಗೆ ಕರೆಂಟು ಉಳಿಸುವ ಹುಚ್ಚು ಹಿಡಿಯಿತು. ಇಡೀ ಜಿಲ್ಲೆಯಲ್ಲಿ ಮೊದಲ ಹಸಿರು ಪುರಸಭೆ ಎನಿಸಿಕೊಳ್ಳಬೇಕು ಎಂದು ಅಧ್ಯಕ್ಷರು ಹಟ ಹಿಡಿದರು. ಹಳೇ ದೀಪಗಳು ಸಿಕ್ಕಾಪಟ್ಟೆ ಕರೆಂಟು ತಿನ್ನುತ್ತವೆ, ಮೊದಲು ಗುಡಿಸುವವರ ಓಣಿಯವನ್ನು ಬಿಚ್ಚಿ, ಅಲ್ಲಿಗೆ ಆರು ಸೋಲಾರ್ ದೀಪ ಹಾಕುತ್ತೇವೆ ಎಂದು ಠರಾವಾಯಿತು. ಏಣಿ ಖುಷಿಯಿಂದಲೇ ಹತ್ತಿ ತನ್ನ ಓಣಿಯ ದೀಪಗಳನ್ನು ಒಂದೊಂದಾಗಿ ಬಿಚ್ಚಿ ಇಳಿಸಿದ. ಹೆಂಡತಿಗೆ ಹೇಳಿಯೂ ಇದ್ದ, "ಬರೋ ದೀಪ ಹೆಂಗಿದೆ ಗೊತ್ತಾ? ಹಾಲು ಚೆಲ್ಲಿದಂಗೆ ಬೆಳಕು ಕಣೇ."

ಆರು ದೀಪ ಬಂದವು. ಅವನ್ನು ನೆಟ್ಟವನೂ ಅವನೇ. ಆದರೆ ನೆಟ್ಟದ್ದು ಊರಾಚೆ, ಅಧ್ಯಕ್ಷರ ಹೊಸ ಬಡಾವಣೆಯಲ್ಲಿ. ಅಲ್ಲಿ ಇನ್ನೂ ಒಂದು ಮನೆ ಎದ್ದಿರಲಿಲ್ಲ. ಖಾಲಿ ಸೈಟುಗಳ ಗುರುತಿನ ಕಲ್ಲುಗಳ ಮೇಲೆ, ಪಾರ್ಕಿನ ಸಿಮೆಂಟು ಬೆಂಚುಗಳ ಮೇಲೆ ಹಾಲಿನಂಥ ಬೆಳಕು ಚೆಲ್ಲಿಕೊಂಡು ಬಿದ್ದಿರುತ್ತಿತ್ತು.

ಎರಡನೇ ತಿಂಗಳು ಅವನ ಹೆಂಡತಿ ತಿರುವಿನ ಚರಂಡಿಗೆ ಬಿದ್ದಳು. ಗುಡಿಸುವ ಹೆಂಗಸರು ಇನ್ನೂ ಬೆಳಕು ಹರಿಯುವ ಮುಂಚೆಯೇ ಪೊರಕೆ ಹಿಡಿದು ಹೊರಡಬೇಕು. ಅಕ್ಕಪಕ್ಕದವರು ಎತ್ತಿದಾಗ ಅವಳ ಬಲಗಾಲು ಪಾದದ ಕೀಲಿನ ಹತ್ತಿರ ಬೇರೆಯವರ ಕಾಲಿನಂತೆ ಜೋತಾಡುತ್ತಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿದರು, ಮೂಳೆ ಸರಿಯಾಗಿ ಕೂಡಲಿಲ್ಲವೆಂದು ಒಡೆದು ಮತ್ತೆ ಹಾಕಿದರು. ಅಷ್ಟರಲ್ಲಿ ಗುತ್ತಿಗೆದಾರ ಅವಳ ಪೊರಕೆಯನ್ನು ಇನ್ನೊಬ್ಬಳ ಕೈಗೆ ಕೊಟ್ಟಿದ್ದ.

ಅವಳು ಅತ್ತು ಕರೆದು ಮಾಡುವವಳಲ್ಲ. ಒಂದು ದಿನ ಗೋಡೆಗೆ ಒರಗಿ ಸೊಪ್ಪು ಬಿಡಿಸುತ್ತ ಕೇಳಿದಳು:

"ತಿರುವಿನ ದೀಪ ಬಿಚ್ಚಿದ್ದು ಯಾರ ಕೈ?"

ಏಣಿ ಎದ್ದು ಹೋದ. ಮಾರನೆಯ ದಿನ ಓಣಿಯವರ ಹೆಬ್ಬೆಟ್ಟು ಒತ್ತಿಸಿಕೊಂಡು ಅರ್ಜಿ ಹಿಡಿದು ಅಧ್ಯಕ್ಷರ ಕೋಣೆಯ ಬಾಗಿಲಿಗೆ ಹೋದ.

ಕೋಣೆಗೆ ಹೊಸ ನೆಲ ಹಾಕಿಸಿದ್ದರು, ಮುಖ ಕಾಣುವಂಥ ಬಿಳಿ ನೆಲ. ಹೊರಗೆ ಹಾಡುಹಗಲು. ಒಳಗೆ ಕಿಟಕಿಗೆಲ್ಲ ಪರದೆ ಎಳೆದು ಒಂಬತ್ತು ದೀಪ ಉರಿಸಿದ್ದರು. ಏಣಿ ಎಣಿಸಿದ. ಅದು ಅವನ ಕಸುಬಿನ ಅಭ್ಯಾಸ. ಅವನು ಹೊಸ್ತಿಲು ದಾಟುವ ಮುಂಚೆಯೇ ಜವಾನ ಓಡಿಬಂದು ಹಳೇ ಪೇಪರೊಂದನ್ನು ನೆಲಕ್ಕೆ ಹಾಸಿದ.

"ಇದರ ಮೇಲೆ ನಿಂತ್ಕೋ. ಆಚೆ ಈಚೆ ಕಾಲಿಡ್ಬೇಡ."

ಏಣಿ ಎರಡೂ ಪಾದ ಜೋಡಿಸಿ ಪೇಪರಿನ ಮೇಲೆ ನಿಂತ. ಅಧ್ಯಕ್ಷರು ಅರ್ಜಿಯನ್ನು ಮುಟ್ಟಲಿಲ್ಲ.

"ಎಲ್ಲಿ ಓಡಿ ಹೋಗುತ್ತೋ ನಿಮ್ಮ ದೀಪ? ಬಡಾವಣೆಗೆ ಸೈಟು ನೋಡೋ ಜನ ಬರ್ತಾರೆ, ಅದೊಂದು ಮುಗೀಲಿ. ನೀವು ಹುಟ್ಟಿದಾಗಿನಿಂದ ಕತ್ತಲಲ್ಲೇ ಗುಡಿಸೋರು. ನಿಮ್ಮ ಕಣ್ಣು ಬೆಕ್ಕಿನ ಕಣ್ಣು ಕಣಯ್ಯಾ."

ಪಕ್ಕದ ಕುರ್ಚಿಯಲ್ಲಿದ್ದ ಇಂಜಿನಿಯರ್ ಮೇಜು ಬಡಿದು ನಕ್ಕ. "ಬೆಕ್ಕಾದ್ರೆ ಚರಂಡಿಗೆ ಬೀಳ್ತಿರ್ಲಿಲ್ಲ ಸರ್. ಇವನ ಹೆಂಡ್ತಿ ಬೆಳಬೆಳಗ್ಗೆ ಏನು ಏರಿಸಿದ್ಲೋ!"

ಏಣಿಯ ಕಾಲಡಿಯ ಪೇಪರು ಬೆವರಿಗೆ ನೆನೆದು ಹರಿಯಿತು. ಅವನು ಹಿಂದಿರುಗಿ ಹೊರಟಾಗ ಜವಾನ ಅದನ್ನು ಎರಡು ಬೆರಳಲ್ಲಿ ಎತ್ತಿ ಬುಟ್ಟಿಗೆ ಹಾಕಿದ.

ಈಗ ರಾಜಧಾನಿಯಿಂದ ತಪಾಸಣೆಗೆ ಬರುತ್ತಿದ್ದರು. ಕಾಗದದಲ್ಲಿ ಆರೂ ದೀಪ ಗುಡಿಸುವವರ ಓಣಿಯಲ್ಲಿದ್ದವು. ಬೆಳಿಗ್ಗೆ ಬೆಳಿಗ್ಗೆಯೇ ಬಡಾವಣೆಯಿಂದ ಎರಡನ್ನು ಕಿತ್ತು ತಂದದ್ದು ಅದಕ್ಕೇ. ಓಣಿಯ ಬಾಯಿಗೊಂದು, ತಿರುವಿಗೊಂದು. ಉಳಿದ ನಾಲ್ಕು ರಿಪೇರಿಗೆ ಹೋಗಿವೆ ಎಂದರಾಯಿತು.

ಹನ್ನೊಂದಕ್ಕೆ ಎರಡು ಕಾರು ಬಂದವು. ಕನ್ನಡಕದ ಒಬ್ಬ ಅಧಿಕಾರಿ ಹೆಂಗಸು ಇಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು ತಿರುವಿನ ತನಕ ನಡೆದಳು. ಕಂಬದ ಬುಡದ ಹಸಿ ಮಣ್ಣನ್ನು ಒಂದು ಗಳಿಗೆ ನೋಡಿದಳು.

"ಯಾವಾಗ ಹಾಕಿದ್ದು ಇದು?"

"ಎಂಟು ತಿಂಗಳಾಯ್ತು ಮೇಡಂ," ಇಂಜಿನಿಯರ್ ಹೇಳಿದ. "ಬುಡ ಸ್ವಲ್ಪ ಭದ್ರ ಮಾಡಿಸ್ತಿದೀವಿ. ಕೇಳಿ ಬೇಕಾದ್ರೆ, ಇವನೂ ಇದೇ ಓಣಿಯೋನೇ."

ಅವಳು ಏಣಿಯ ಕಡೆ ತಿರುಗಿದಳು. ದನಿ ಮೆದುವಾಗಿತ್ತು. "ಚೆನ್ನಾಗಿ ಉರಿಯುತ್ತಾ? ಅನುಕೂಲ ಆಗಿದ್ಯಾ ನಿಮ್ಮ ಜನಕ್ಕೆ?"

ಓಣಿಯ ಬಾಗಿಲುಗಳಲ್ಲೆಲ್ಲ ಜನ ನಿಂತಿದ್ದರು. ಅವನ ಮನೆಯ ಹೊಸ್ತಿಲಲ್ಲಿ ಹೆಂಡತಿ ಕಾಲು ಚಾಚಿ ಕೂತಿದ್ದಳು. ಏಣಿ ಬಾಯಿ ತೆರೆದ. ಇಂಜಿನಿಯರ್ ಕೆಮ್ಮಿದ. ಬರೀ ಒಂದು ಕೆಮ್ಮು.

"ಹೂಂ ಮೇಡಂ. ಅನುಕೂಲ ಆಗಿದೆ."

ಅವಳು ಕಾಗದದಲ್ಲಿ ಗುರುತು ಹಾಕಿಕೊಂಡಳು. ಕಂಬದ ಕೆಳಗೆ ಒಂದು ಮುದುಕಿಯನ್ನು ನಿಲ್ಲಿಸಿ, ನಗಲು ಹೇಳಿ ಫೋಟೋ ತೆಗೆಸಿದಳು. ಕಾರುಗಳು ಹೋದವು. "ನಾಲ್ಕಕ್ಕೆ ಲಾರಿ ಬರುತ್ತೆ, ಸಡ್ಲ ಮಾಡಿ ಇಟ್ಟಿರು," ಎಂದು ಇಂಜಿನಿಯರೂ ಹೋದ.

ಏಣಿ ಮನೆಗೆ ಬಂದ. ಹೆಂಡತಿ ದಾರಿ ಬಿಡಲಿಲ್ಲ. ಚಾಚಿದ ಕಾಲು ಚಾಚಿದಂತೆಯೇ ಇತ್ತು.

"ದಾಟ್ಕೊಂಡು ಹೋಗು," ಅಂದಳು. "ಅನುಕೂಲ ಆಗಿದೆ ಅಲ್ವಾ? ದಾಟು."

"ಕೆಲ್ಸ ಹೋಗುತ್ತೆ ಕಣೇ. ನಿಂದೂ ಇಲ್ಲ, ನಂದೂ ಹೋದ್ರೆ..."

"ನನ್ನ ಕಾಲು ಮುರಿದಾಗ ನಾನು ಯಾರನ್ನೂ ಬೈಲಿಲ್ಲ. ಇವತ್ತು ಮಾತ್ರ ಕಿವಿಯಾರೆ ಕೇಳಿದ್ನಲ್ಲಾ, ಅದನ್ನ ಎಲ್ಲಿಟ್ಕೊಳ್ಲಿ? ಗಂಡಸಂತೆ! ಥೂ!"

ಉಗುಳು ಅವನ ಕಾಲ ಹತ್ತಿರ ಬಿತ್ತು. ಇಡೀ ಓಣಿ ನೋಡುತ್ತಿತ್ತು. ಏಣಿಗೆ ಮೈಯೆಲ್ಲ ಉರಿಯಿತು, ಕೈ ಎತ್ತಬೇಕೆನಿಸಿತು. ಎತ್ತಿದರೆ ಅದು ಯಾರ ಮೇಲೆ ಬೀಳಬೇಕೆಂದು ಮಾತ್ರ ಗೊತ್ತಾಗಲಿಲ್ಲ. ಅವನು ತಿರುಗಿ, ನಾಲ್ಕು ಮನೆ ಆಚೆ ಹೋಗಿ ಗಾರೆ ಮಾವನ ಬಾಗಿಲು ತಟ್ಟಿದ.

ಗಾರೆ ಮಾವ ಚರಂಡಿ ಕೆಲಸದ ಮುದಿ ಮೇಸ್ತ್ರಿ. ಮನೆ ಹಿಂದಿನ ಗೋಡೆ ಕಟ್ಟಲೆಂದು ಒಂದು ಮೂಟೆ ಸಿಮೆಂಟು ಇಟ್ಟುಕೊಂಡು ವರ್ಷವಾಗಿತ್ತು.

"ಮಾವ, ಆ ಮೂಟೆ ಕೊಡು."

"ಯಾಕೋ?"

"ಕಂಬಕ್ಕೆ."

ಮುದುಕ ಅವನ ಮುಖ ನೋಡಿದ. "ಅರ್ಧ ಗಟ್ಟಿಯಾಗಿದೆ. ಒಂದು ಕಂಬಕ್ಕೆ ಆದೀತು, ಎರಡಕ್ಕಿಲ್ಲ. ಯಾವುದಕ್ಕೆ?"

"ತಿರುವಿಂದಕ್ಕೆ."

ಏಣಿ ತಿರುವಿನ ಕಂಬದ ಬುಡದ ಕಲ್ಲು ಬಗೆದು ಹಾಕಿ ಅಗೆಯತೊಡಗಿದ. ಸುಮ್ಮನೆ ನೋಡುತ್ತಿದ್ದವರಲ್ಲಿ ಮೊದಲು ಫೋಟೋಗೆ ನಿಂತಿದ್ದ ಮುದುಕಿ ಬಂದಳು. "ಹಲ್ಲು ಕಿರಿ ಅಂದ್ರು ಮುಂಡೇವು, ಕಿರಿದೆ," ಎನ್ನುತ್ತ ಕಂಬವನ್ನು ತಬ್ಬಿ ಹಿಡಿದಳು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಕಸದ ಗಾಡಿಯಲ್ಲಿ ಮರಳು ಬಂತು. ಕೊಡಗಳಲ್ಲಿ ನೀರು ಬಂತು. ನಾಲ್ಕು ಅಡಿ ಗುಂಡಿಗೆ ಜಲ್ಲಿ, ಸಿಮೆಂಟು ಬಿದ್ದವು. ಗಾರೆ ಮಾವ ಕೋಲಿನಿಂದ ಚುಚ್ಚಿ ಚುಚ್ಚಿ ಕೂರಿಸಿದ.

"ಈಗ ಕೇಳಿಸ್ಕೊಳ್ಳಿ," ಅಂದ. "ಒಂದು ಹಗಲು ಒಂದು ರಾತ್ರಿ ಇದನ್ನ ಯಾರೂ ಅಲ್ಲಾಡಿಸಬಾರ್ದು. ಆಮೇಲೆ ಅವರಪ್ಪ ಬಂದ್ರೂ ಕೀಳಕ್ಕಾಗಲ್ಲ."

ಲಾರಿ ಹೇಳಿದ ಹೊತ್ತಿಗೇ ಬಂತು. ಓಣಿಯ ಬಾಯಿಯ ಕಂಬವನ್ನು ಇಬ್ಬರು ಆಳುಗಳು ಮೂಲಂಗಿ ಕೀಳುವಂತೆ ಕಿತ್ತು ಲಾರಿಗೆ ಹಾಕಿದರು. ಯಾರೂ ತಡೆಯಲಿಲ್ಲ. ತಿರುವಿಗೆ ಬಂದ ಇಂಜಿನಿಯರ್ ಹಸಿ ಸಿಮೆಂಟನ್ನೂ, ಅದರ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದ ಹೆಂಗಸರನ್ನೂ ನೋಡಿ ಅಲ್ಲೇ ನಿಂತ.

"ಏನೋ ಇದು? ಏಣೀ! ಯಾವ ಸೂಳೆಮಗ ಹೇಳಿದ್ದೋ ನಿಂಗೆ ಕಾಂಕ್ರೀಟು ಹಾಕು ಅಂತ?"

"ನಾನೇ ಹಾಕ್ದೆ."

"ಹತ್ತು ಮೇಲೆ. ದೀಪ, ಪ್ಲೇಟು, ಬ್ಯಾಟರಿ ಬಿಚ್ಚಿ ಇಳಿಸು. ಬರೀ ಕಂಬ ಇಟ್ಕೊಂಡು ಸಾಯ್ರಿ."

"ಹತ್ತಲ್ಲ."

"ಏನಂದೆ?"

"ಹತ್ತಲ್ಲ ಅಂದೆ. ಆ ಮೇಡಂ ಹತ್ರ ಎಂಟು ತಿಂಗಳಿಂದ ಇಲ್ಲೇ ಇದೆ ಅಂದ್ಯಲ್ಲಾ. ಇರ್ಲಿ. ನಿನ್ನ ಮಾತು ನಿಜ ಮಾಡ್ತಾ ಇದೀನಿ."

ಅಷ್ಟು ವರ್ಷದಲ್ಲಿ ಅವನು ಒಬ್ಬ ಸಾಹೇಬನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ತಪ್ಪಿ ಬಂದದ್ದಲ್ಲ. ಇಂಜಿನಿಯರ್‌ಗೂ ಅದು ಗೊತ್ತಾಯಿತು. ಅವನು ನುಗ್ಗಿ ಬಂದು ಕಂಬಕ್ಕೆ ಜಾಡಿಸಿ ಒದ್ದ. ಕಂಬ ವಾಲಿತು. ಬುಡದ ಸಿಮೆಂಟು ಬಾಯಿಬಿಟ್ಟಿತು. ಕೂತಿದ್ದವರೆಲ್ಲ ಒಮ್ಮೆಗೇ ಎದ್ದು ಹೆಗಲು ಕೊಟ್ಟರು. ಏಣಿ ಎದೆ ಕೊಟ್ಟ. ಕಂಬ ನಿಂತಿತು, ಒಂದು ಗೇಣು ಸೊಟ್ಟಗೆ.

"ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ! ನೀನಷ್ಟೇ ಅಲ್ಲ, ಇಡೀ ಓಣಿ ಬರ್ಬೇಡಿ! ಸರ್ಕಾರಿ ಸ್ವತ್ತು ಕದ್ದಿದೀರಿ ಅಂತ ಒಳಗೆ ಹಾಕಿಸ್ತೀನಿ!" ಇಂಜಿನಿಯರ್ ಫೋನು ಕಿವಿಗೆ ಹಚ್ಚಿ ಲಾರಿಯ ಕಡೆ ಓಡಿದ.

"ಇಡೀ ಓಣಿನಾ?" ಮುದುಕಿ ಕೇಳಿದಳು. "ಹಂಗಾದ್ರೆ ನಾಳೆ ಊರಿನ ಹೇಲು ಇವನಪ್ಪ ಬಳೀತಾನಾ?"

ಒಬ್ಬಿಬ್ಬರು ನಕ್ಕರು. ಹೆಚ್ಚು ಜನ ನಗಲಿಲ್ಲ.

ಸಿಮೆಂಟನ್ನು ಮತ್ತೆ ಒತ್ತಿ ಕೂರಿಸುವಷ್ಟರಲ್ಲಿ ಹೊತ್ತು ಇಳಿಯಿತು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಕತ್ತಲು ಕಂಡರೆ ತಾನೇ ಹೊತ್ತಿಕೊಳ್ಳುವ ದೀಪ ಅದು. ಎರಡು ಸಲ ಮಿಣುಕಿ ಹೊತ್ತಿತು. ಕಪ್ಪಗೆ ಹರಿಯುವ ಚರಂಡಿ, ಅದರ ಒಡೆದ ಅಂಚು, ಕಂಬ ಹಿಡಿದ ಹದಿನೈದಿಪ್ಪತ್ತು ಕೈ ಕಂಡವು. ಓಣಿಯ ಬಾಯಲ್ಲಿ ನಿಂತ ಪೊಲೀಸ್ ವ್ಯಾನೂ ಕಂಡಿತು. ಅದರ ಹಿಂದಿನ ಬಾಗಿಲು ತೆರೆಯುತ್ತಿತ್ತು.

ಹೆಂಡತಿ ಗೋಡೆ ಹಿಡಿದು ಕುಂಟುತ್ತ ಬಂದಳು.

"ಗಟ್ಟಿಯಾಗಕ್ಕೆ ಇನ್ನೆಷ್ಟು ಹೊತ್ತು ಮಾವ?"

"ನಾಳೆ ಮಧ್ಯಾಹ್ನ ದಾಟ್ಬೇಕು ತಾಯಿ."

ಬೂಟುಗಳು ಓಣಿಯೊಳಗೆ ಬರುತ್ತಿದ್ದವು. ಅವಳು ಏಣಿಯ ಪಕ್ಕೆಗೆ ಮೊಣಕೈಯಿಂದ ತಿವಿದಳು.

"ಸರಿ ಆಚೆ. ನಂಗೂ ಒಂಚೂರು ಜಾಗ ಬಿಡು."