ಹೆಸರಿಲ್ಲದ ಮಾತ್ರೆ

ಸಾವಿರದಿನ್ನೂರು ಅಂಗಿ, ಎರಡೇ ದಿನ. ಕಾಲರಿನ ಬಿಳಿ ಅಂಗಿ, ಎದೆಗೆ ಮೂರು ಗುಂಡಿ, ಬೆನ್ನ ಮೇಲೆ ಕೆಂಪಕ್ಷರದಲ್ಲಿ ಒಂದು ಉಪದೇಶ: 'ಅಮಲು ಬಿಡಿ, ಮನುಷ್ಯರಾಗಿ.'

ಹೊಲಿಯುತ್ತಿದ್ದವರು ನಲವತ್ತೊಂದು ಹೆಂಗಸರು. ಹೋದ ವಾರದವರೆಗೆ ನಲವತ್ತೆರಡಿದ್ದರು. ಅವರನ್ನು ಮನುಷ್ಯರೆಂದು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ! ಕಾರ್ಖಾನೆಯಲ್ಲಿ ಅವರಿಗಿದ್ದದ್ದು ಕೆಲಸದ ಹೆಸರು. ಕಾಲರ್ ಕೂರಿಸುವ ಹಿರಿಯಳು ಕಾಲರತ್ತೆ. ತೋಳು ಹಚ್ಚುವವಳು ತೋಳಮ್ಮ. ಗುಂಡಿ ತೂರುವ ಕಣ್ಣು ಹೊಲಿಯುವವಳು ಕಾಜಾದಕ್ಕ. ನಮ್ಮ ಕಥೆ ಈ ಕಾಜಾದಕ್ಕನದು.

ಮಧ್ಯಾಹ್ನ ನಾಲ್ಕಾಯಿತೆಂದರೆ ಸೂಪರ್‌ವೈಸರ್ ಒಂದು ಡಬ್ಬಿ ಹಿಡಿದು ಸಾಲಿನ ತುದಿಯಲ್ಲಿ ನಿಲ್ಲುತ್ತಿದ್ದ. ಹೆಂಗಸರು ಅವನಿಗಿಟ್ಟ ಹೆಸರು ಗಡಿಯಾರ. ಯಾರ ಮುಖ ನೋಡಿಯೂ ಮಾತಾಡಿದವನಲ್ಲ, ತನ್ನ ಮಣಿಕಟ್ಟು ನೋಡಿಕೊಂಡೇ ಮಾತು. ಡಬ್ಬಿಯಲ್ಲಿ ತಿಳಿಗುಲಾಬಿ ಬಣ್ಣದ ಬಿಡಿ ಮಾತ್ರೆಗಳು. ಹೊದಿಕೆಯಿಲ್ಲ, ಹೆಸರಿಲ್ಲ.

"ಸೊಂಟನೋವಿಗೆ. ನುಂಗಿ, ನುಂಗಿ. ಯಜಮಾನ್ರ ಮನಸ್ಸು ದೊಡ್ಡದು."

"ಅಷ್ಟು ದೊಡ್ಡದಾದ್ರೆ ಬೆನ್ನಿರೋ ಕುರ್ಚಿ ಕೊಡ್ಲಿ ಕಣಪ್ಪ," ಎನ್ನುತ್ತಿದ್ದಳು ಕಾಲರತ್ತೆ.

"ಕುರ್ಚಿ ಕೊಟ್ರೆ ಒರಗ್ತೀಯ, ಒರಗಿದ್ರೆ ಗೊರಕೆ ಹೊಡೀತೀಯ. ನುಂಗಜ್ಜಿ, ಟೈಮಾಯ್ತು."

ನುಂಗಿದರೆ ತನಗೊಂದು ಸೊಂಟವಿದೆ ಎಂಬುದೇ ಮರೆತುಹೋಗುತ್ತಿತ್ತು. ಅಜ್ಜಿ ಕಥೆಯ ಮಾಟಗಾತಿಯರು ಮನುಷ್ಯರನ್ನು ಕುರಿ ಮಾಡಲು ಬೂದಿ ಎರಚಬೇಕಿತ್ತು, ಮಂತ್ರ ಮಣಮಣಿಸಬೇಕಿತ್ತು. ಪಾಪ, ಹಳೇ ಕಾಲದವರು. ಇಷ್ಟು ಸಲೀಸಾದ ದಾರಿ ಅವರಿಗೆ ಹೊಳೆದಿರಲಿಲ್ಲ.

ಯಜಮಾನರ ಜಾಣತನ ಮಾತ್ರೆಯಲ್ಲಿರಲಿಲ್ಲ, ಸಾಲಿನಲ್ಲಿತ್ತು. ಒಬ್ಬಳ ಕೈ ತಡವಾದರೆ ಮುಂದಿನವಳಿಗೆ ಬಟ್ಟೆ ಬರುವುದಿಲ್ಲ. ದಿನದ ಲೆಕ್ಕ ಮುಗಿಯದೆ ಯಾರಿಗೂ ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ಯಾರು ನುಂಗಿದರು, ಯಾರು ಉಗಿದರು ಎಂದು ಕಾಯುವ ಕೆಲಸ ಗಡಿಯಾರನಿಗಿರಲಿಲ್ಲ. ಹೆಂಗಸರೇ ಒಬ್ಬರನ್ನೊಬ್ಬರು ಕಾಯುತ್ತಿದ್ದರು.

ಕಾಜಾದಕ್ಕನ ಪಕ್ಕದಲ್ಲೇ ಅವಳ ತಂಗಿ ಗುಂಡಿ ಹಚ್ಚುತ್ತಿದ್ದಳು. ಸೇರಿದ ಮೊದಲ ವಾರ ಹುಡುಗಿ ಮಾತ್ರೆಯನ್ನು ಚಿಂದಿಬುಟ್ಟಿಗೆ ಉಗಿದಳು.

"ತಲೆ ತಿರುಗುತ್ತೆ ಅಕ್ಕಾ, ಬೇಡ."

"ನಿನ್ನೊಬ್ಬಳಿಗೋಸ್ಕರ ನಲವತ್ತು ಜನ ಕೂತ್ಕೋಬೇಕೇನೇ? ನುಂಗು!" ಎಂದು ಕಾಜಾದಕ್ಕ ಇನ್ನೊಂದನ್ನು ತಾನೇ ಅವಳ ಬಾಯಿಗೆ ತುರುಕಿದ್ದಳು.

ಹತ್ತು ತಿಂಗಳಲ್ಲಿ ಒಂದು ಎರಡಾಯಿತು, ಎರಡು ನಾಲ್ಕಾಯಿತು. ಹೋದ ವಾರ ತಂಗಿ ಡಬ್ಬಿಗೇ ಕೈ ಹಾಕಿದಳು. ಗಡಿಯಾರ ರಟ್ಟೆ ಹಿಡಿದು ಹೊರಗೆ ದಬ್ಬಿದ. ಮರುದಿನ ಗೇಟಿನಲ್ಲಿ ಚೀಟಿ: 'ಅಮಲುಕೋರರಿಗೆ ಇಲ್ಲಿ ಜಾಗವಿಲ್ಲ.' ಕುಡಿಸಿದವನೇ ಕುಡಿದವಳನ್ನು ಕುಡುಕಿ ಎಂದ ಹಾಗೆ. ಮನೆಯಲ್ಲಿ ಮೂರನೇ ದಿನ ಹುಡುಗಿಯ ಕೈಕಾಲು ಸೆಟೆದುಕೊಂಡವು, ಬಾಯಲ್ಲಿ ನೊರೆ ಬಂತು.

ಆಸ್ಪತ್ರೆಯ ಡಾಕ್ಟರಮ್ಮ ಕೇಳಿದ್ದು ಒಂದೇ ಮಾತು. "ಯಾವ ಮಾತ್ರೆ?"

"ಗುಲಾಬಿ ಬಣ್ಣದ್ದು ಮೇಡಂ."

"ಬಣ್ಣ ಅಲ್ಲಮ್ಮ, ಹೆಸರು. ರಕ್ತಪರೀಕ್ಷೆ ಬರೋಕೆ ನಾಲ್ಕು ದಿನ ಆಗುತ್ತೆ. ಅಷ್ಟರಲ್ಲಿ ಹೊಂದದ ಔಷಧ ಕೊಟ್ರೆ ಉಸಿರೇ ನಿಲ್ಲಬಹುದು. ಹೆಸರು ತಗೊಂಡು ಬನ್ನಿ, ಬೇಗ."

ಕಾಜಾದಕ್ಕ ಗಡಿಯಾರನನ್ನು ಕೇಳಿದಳು. "ಯಾವ ಮಾತ್ರೆ? ನಾನ್ಯಾವತ್ತು ಮಾತ್ರೆ ಕೊಟ್ಟೆ?" ಎಂದು ಮಣಿಕಟ್ಟು ನೋಡಿಕೊಂಡ. ಅವಳು ಬಿಡಲಿಲ್ಲ, ಯಜಮಾನರ ಕೋಣೆಗೇ ನುಗ್ಗಿದಳು.

ಯಜಮಾನರು ಮೆತ್ತಗಿನ ಮಾತಿನವರು. "ಅಯ್ಯೋ ಪಾಪ, ನಿನ್ನ ತಂಗಿ ಅಂದ್ರೆ ನಮ್ಮನೆ ಮಗಳಿದ್ದಂಗೆ. ನಾಳೆ ಅಂಗಳದಲ್ಲಿ ಅಮಲುಮುಕ್ತ ಸಮಾಜದ ಸಭೆ ಇದೆ. ಈ ಕಾಗದ ನೋಡು, ನಾಲ್ಕೇ ಸಾಲು, ವೇದಿಕೆ ಮೇಲೆ ಓದು. ಅವಳನ್ನ ದೊಡ್ಡಾಸ್ಪತ್ರೆಗೆ ನಾನೇ ಸೇರಿಸ್ತೀನಿ."

"ದೊಡ್ಡಾಸ್ಪತ್ರೆ ಬೇಡ ಯಜಮಾನ್ರೇ. ಮಾತ್ರೆ ಹೆಸರು ಹೇಳಿ, ಸಾಕು."

"ಮೊದ್ಲು ಓದಮ್ಮ. ಆಮೇಲೆ ಹೆಸರು, ಊರು, ಎಲ್ಲಾ ವಿಚಾರಿಸೋಣ."

ಬೆಳಿಗ್ಗೆ ಹತ್ತಕ್ಕೆ ಸಭೆ. ಬಂದವರಿಗೆಲ್ಲ ಬಿಳಿ ಅಂಗಿ ಹಂಚಿದರು. ಹೊಲಿದವರಿಗೂ ತೊಡಿಸಿ, ಫೋಟೋಗೆ ಚೆನ್ನ ಎಂದು ಮುಂದಿನ ಸಾಲಲ್ಲಿ ಕೂರಿಸಿದರು. ಮುಖ್ಯ ಅತಿಥಿ ದೊಡ್ಡ ಅಧಿಕಾರಿ. ಮೆತ್ತೆ ಕುರ್ಚಿಯಿಂದ ಕಷ್ಟಪಟ್ಟು ಎದ್ದು, ಅಮಲಿಗೆ ಬೀಳುವವರು ಮನಸ್ಸು ಗಟ್ಟಿಯಿಲ್ಲದವರು ಎಂದರು. ತಾಯಂದಿರು ಸರಿಯಾಗಿ ಬೆಳೆಸಿದರೆ ಈ ಪಿಡುಗೇ ಇರದು ಎಂದರು. ಯಜಮಾನರು ಚಪ್ಪಾಳೆ ತಟ್ಟಿದರು. ಮೂರು ಹಗಲಿನ ಕೆಲಸವನ್ನು ಎರಡರಲ್ಲಿ ಮುಗಿಸಿದ ತಾಯಂದಿರಿಗೆ ಚಪ್ಪಾಳೆಗೆ ಕೈ ಏಳಲಿಲ್ಲ.

ಕಾಜಾದಕ್ಕನನ್ನು ಕರೆದರು. ಅವಳು ಕಾಗದ ಬಿಡಿಸಿ ಓದಿದಳು. "ನನ್ನ ತಂಗಿ ಕೆಟ್ಟ ಸಹವಾಸದಿಂದ ಅಮಲಿಗೆ ಬಿದ್ದಳು."

ಯಜಮಾನರು ತಲೆದೂಗಿದರು.

"ಇದು ನಿಜ," ಎಂದಳು. ಕಾಗದ ಮಡಿಸಿದಳು. "ಆ ಕೆಟ್ಟ ಸಹವಾಸ ನಾನೇ. ಮಾತ್ರೆ ಉಗಿದವಳ ಬಾಯಿಗೆ ಇನ್ನೊಂದು ತುರುಕಿದವಳು ನಾನು. ನಂಗೆ ಕೊಟ್ಟವನು ಅಗೋ, ಕಂಬದ ಹತ್ರ ನಿಂತಿದಾನೆ. ಅವನ ಕೈಲಿ ಕೊಡಿಸಿದವರು ಇಲ್ಲಿ ಹಾರ ಹಾಕ್ಕೊಂಡು ಕೂತಿದಾರೆ. ನನ್ನ ತಂಗಿ ಸಾಯ್ತಿದಾಳೆ. ಆ ಮಾತ್ರೆ ಹೆಸರೇನು, ಹೇಳಿ!"

ಮೈಕು ಸತ್ತಿತು. "ಇವಳೂ ಅಮಲಲ್ಲಿದಾಳೆ, ಇಳಿಸ್ರೋ," ಎಂದರು ಯಜಮಾನರು. ಈಗ ಅವರ ಮಾತು ಮೆತ್ತಗಿರಲಿಲ್ಲ.

ಮುಂದಿನ ಸಾಲಲ್ಲಿ ಕಾಲರತ್ತೆ ಮಂಡಿ ಹಿಡಿದುಕೊಂಡು ಎದ್ದಳು. "ಹೌದು ಸ್ವಾಮಿ, ಅವಳೂ ಅಮಲಲ್ಲಿದಾಳೆ, ನಾನೂ ಇದೀನಿ. ನಿನ್ನೆ ನಾಲ್ಕು ಗಂಟೆಗೆ ನುಂಗಿದ್ದು. ನಲವತ್ತು ಮಿಷನ್ ಸದ್ದಲ್ಲಿ ಮಾತಾಡೋ ಗಂಟಲಿದು, ಮೈಕ್ ಯಾರಿಗೆ ಬೇಕು?"

"ನಾನೂ ನುಂಗಿದೀನಿ," ಎಂದಳು ತೋಳಮ್ಮ.

"ನಾನೂ."

"ನಾನೂ. ಎರಡು."

ಒಬ್ಬೊಬ್ಬರೇ ಎದ್ದರು. ಯಾರೂ ವೇದಿಕೆಯ ಕಡೆ ಹೋಗಲಿಲ್ಲ. ಕಂಬದ ಕಡೆ ನಡೆದರು. ಗಡಿಯಾರ ಮಣಿಕಟ್ಟು ನೋಡಿಕೊಂಡ. ತಲೆಯೆತ್ತಿದಾಗ ಸುತ್ತ ಹೆಂಗಸರೇ. ಆವತ್ತು ಮೊದಲ ಸಲ ಅವನು ಅವರ ಮುಖ ನೋಡಿದ.

"ನಾನೂ ಹೊಟ್ಟೆಪಾಡಿನವನು ಕಣ್ರಮ್ಮಾ..."

"ಇರಪ್ಪಾ. ನಾವೇನು ಹೊಡೆಯೋಕೆ ಬಂದಿಲ್ಲ. ಹೆಸರು ಹೇಳು," ಎಂದಳು ಕಾಲರತ್ತೆ.

ಅವನು ವೇದಿಕೆಯ ಕಡೆ ನೋಡಿದ. ಯಜಮಾನರು ಅಧಿಕಾರಿಯನ್ನು ಕಾರು ಹತ್ತಿಸುತ್ತಿದ್ದರು. ಅವನು ಜೇಬಿನಿಂದ, ಔಷಧದಂಗಡಿಯಲ್ಲಿ ತೋರಿಸಲು ಇಟ್ಟುಕೊಂಡಿದ್ದ ಮಾತ್ರೆಯ ಖಾಲಿ ಪಟ್ಟಿಯೊಂದನ್ನು ತೆಗೆದು ಕಾಜಾದಕ್ಕನ ಅಂಗೈಗೆ ಹಾಕಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಟ್ಟಿಯನ್ನು ತಿರುಗಿಸಿ ಹೆಸರು ಓದಿದರು. ಮುಖ ಕೆಂಪಾಯಿತು. ನರ್ಸಿಗೆ ಬೇಗಬೇಗ ಏನೋ ಹೇಳಿದರು. ಸೂಜಿ ಸಿದ್ಧವಾಯಿತು. "ಇನ್ನು ನೋಡ್ಕೋತೀನಿ. ಉಳ್ಕೋತಾಳೆ. ನೀವು ಹೊರಗೆ ಕೂತ್ಕೊಳಿ."

"ಕೂರೋಕಾಗಲ್ಲ ಮೇಡಂ. ಸರದಿ ತಪ್ಪಿಹೋಗುತ್ತೆ."

"ಯಾವ ಸರದಿ?"

ಹೊರಗೆ ಚೀಟಿ ಬರೆಯುವ ಕಿಟಕಿಯಿಂದ ಮೆಟ್ಟಿಲಿಳಿದು ರಸ್ತೆಯವರೆಗೆ ಬಿಳಿ ಅಂಗಿಯ ಹೆಂಗಸರು ನಿಂತಿದ್ದರು. ಮುಂದುಗಡೆ ಕಾಲರತ್ತೆ. ಕಿಟಕಿಯ ಗುಮಾಸ್ತ ಕನ್ನಡಕ ಸರಿಮಾಡಿಕೊಂಡ.

"ಏನಜ್ಜಿ ಕಾಯಿಲೆ?"

"ಇದೇ," ಎಂದು ಅವಳು ತಿರುಗಿ ಬೆನ್ನ ಮೇಲಿನ ಕೆಂಪಕ್ಷರದ 'ಅಮಲು' ತೋರಿಸಿದಳು. "ಎಲ್ಲಿಂದ ಅಂಟ್ತು ಅಂತ ಬರಿಯೋಕೆ ಜಾಗ ಇದೆಯೇನಪ್ಪಾ ನಿಮ್ಮ ಚೀಟೀಲಿ?"

"ಹಾಗೆಲ್ಲ ಜಾಗ ಇರಲ್ಲ."

"ಹಿಂದುಗಡೆ ಬರಿ. ಕಾರ್ಖಾನೆ ಹೆಸರು, ಯಜಮಾನರ ಹೆಸರು, ದೊಡ್ಡಕ್ಷರದಲ್ಲಿ. ನಲವತ್ತೊಂದು ಚೀಟಿಗೂ ಬರೀಬೇಕು, ನಿಧಾನವಾಗಿ ಬರಿ. ಇವತ್ತು ನಮಗೆ ಅವಸರ ಇಲ್ಲ."