ಟಿಕ್ ನಿಂತ ಹೊತ್ತು

ನನ್ನ ಗಂಡ ಶಶಿಕಿರಣ್ ಫಿಸಿಕ್ಸ್ ಲೆಕ್ಚರರ್ ಆಗಿದ್ದರು. ಮಗಳು ನಿಧಿ ಹುಟ್ಟಿದಾಗ ಅವರಿಗೆ ನಾನೊಂದು ಮಾತು ಕೊಟ್ಟಿದ್ದೆ: ಗೊತ್ತಿಲ್ಲದ್ದನ್ನು ಮಗುವಿಗೆ ಗೊತ್ತಿದೆ ಎಂದು ಹೇಳುವುದಿಲ್ಲ, ಸಮಾಧಾನಕ್ಕೂ ಹೇಳುವುದಿಲ್ಲ.

ಹೋದ ವರ್ಷ ಹಿರೀಸಾವೆ ಹತ್ತಿರ ಹೈವೇಯಲ್ಲಿ ಲಾರಿ ಗುದ್ದಿ ಅವರು ತೀರಿಕೊಂಡರು. ಆ ಬೆಳಿಗ್ಗೆ ನಿಧಿ ಸ್ಕೂಲ್ ಟ್ರಿಪ್ಪಿಗೆ ಹಟ ಹಿಡಿದು ಅಪ್ಪನಿಗೆ, "ಹೋಗಿ, ನಿಮ್ಮ ಹತ್ರ ಇನ್ನು ಮಾತೇ ಆಡಲ್ಲ" ಎಂದಿದ್ದಳು. ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಅಪ್ಪನಿಗೆ ಇನ್ನೂ ಕೋಪ ಇದೆಯಾ ಎನ್ನುವುದೊಂದೇ ಪ್ರಶ್ನೆ.

ಚನ್ನರಾಯಪಟ್ಟಣದ ನಮ್ಮ ಮನೆಯ ಷೋಕೇಸಿನಲ್ಲಿ ಅವರೇ ಜೋಡಿಸಿದ ಗೈಗರ್ ಕೌಂಟರ್ ಇದೆ. ಕಣ್ಣಿಗೆ ಕಾಣದ ವಿಕಿರಣ ತಾಗಿದಾಗಲೆಲ್ಲ ಟಿಕ್ ಎನ್ನುವ ಪೆಟ್ಟಿಗೆ. ಕಲ್ಲಿನಿಂದ, ಆಕಾಶದಿಂದ ಅದು ಬರುತ್ತಲೇ ಇರುತ್ತದೆ. ಗಂಟೆಗೆ ಸುಮಾರು ಎಷ್ಟು ಎಂದು ಹೇಳಬಹುದು; ಮುಂದಿನದು ಯಾವಾಗ ಎಂದು ಯಾರೂ ಹೇಳಲಾರರು. "ನಮಗೆ ತಿಳಿದಿಲ್ಲ ಅಂತಲ್ಲ ಕಣೇ, ತಿಳಿಯೋಕೆ ಅಲ್ಲಿ ಏನೂ ಇಲ್ಲ" ಎನ್ನುತ್ತಿದ್ದರು. ಕೇಳಿದಾಗೆಲ್ಲ ನನಗೆ ಬಾವಿ ಬಗ್ಗಿ ನೋಡಿದ ಹಾಗಾಗುತ್ತಿತ್ತು.

ಮೊನ್ನೆ ಸೋಮವಾರ ಅತ್ತೆ ರೇವಮ್ಮ ನಿಧಿಯನ್ನು ವೀರಭದ್ರನ ಗುಡಿಗೆ ಹೂ ಕೇಳಲು ಕರೆದೊಯ್ದರು. ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪನಿಗೆ ಕೋಪವಿಲ್ಲ. ಎಡಗಡೆಯಿಂದ ಬಿತ್ತು.

"ಅದು ಗಾಳಿಗ್ ಬಿದ್ದಿದ್ದು ಕಣವ್ವ," ಮನೆಗೆ ಬಂದ ಮೇಲೂ ಅತ್ತೆ ಹೇಳುತ್ತಲೇ ಇದ್ದರು. "ಆ ಪೂಜಾರಿ ಫ್ಯಾನ್ ಆಕ್ಕಂಡ್ ಕುಂತವ್ನೆ. ಈರಭದ್ರ ಏನ್ ಮಾಡ್ತಾನೆ ಪಾಪ!"

ನಿಧಿ ಕೌಂಟರನ್ನು ಇಳಿಸಿ, ಸ್ವಿಚ್ ಹಾಕಿ, ಅದರ ಮುಂದೆ ಕೈಮುಗಿದು ಕೂತಳು.

"ಅಪ್ಪಾ, ಕೋಪ ಇಲ್ಲ ಅಂದ್ರೆ ನಿಲ್ಸಿ."

ಟಿಕ್ ನಿಂತಿತು.

ಕೆಂಪು ದೀಪ ಉರಿಯುತ್ತಲೇ ಇತ್ತು, ಪೆಟ್ಟಿಗೆ ಕೆಟ್ಟಿರಲಿಲ್ಲ. ಇಂಥ ಬಿಡುವು ತನ್ನಷ್ಟಕ್ಕೇ ಬರಬಹುದು, ಅಪರೂಪಕ್ಕೆ ಬಹಳ ಹೊತ್ತೂ ಇರಬಹುದು ಎಂದು ಅವರೇ ಹೇಳಿಕೊಟ್ಟಿದ್ದರು. ಆದರೆ ಇಷ್ಟುದ್ದದ ಮೌನವನ್ನು ಈ ಮನೆಯಲ್ಲಿ ನಾನು ಕೇಳಿರಲಿಲ್ಲ. ಬೀದಿಯಲ್ಲಿ ಆಟೋ ಹೋಯಿತು. ಕುಕ್ಕರ್ ಕೂಗಿತು. ಪೆಟ್ಟಿಗೆ ಮಾತ್ರ, ಯಾರೋ ಉಸಿರು ಬಿಗಿಹಿಡಿದು ಕೂತ ಹಾಗೆ, ಸುಮ್ಮನಿತ್ತು. ಅವರು ಕೂರುತ್ತಿದ್ದ ಕುರ್ಚಿಯ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಮೇಲೆ ಟಿಕ್. ಮತ್ತೊಂದು.

"ಅಮ್ಮಾ, ಅಪ್ಪಾನೇ ಅಲ್ವಾ ನಿಲ್ಸಿದ್ದು?"

ಗೊತ್ತಿಲ್ಲ ಎನ್ನಬೇಕಿತ್ತು. ನಿಜವಾಗಿಯೂ ಗೊತ್ತಿರಲಿಲ್ಲ, ಯಾರಿಗೂ, ಎಂದಿಗೂ ಗೊತ್ತಾಗುವುದಿಲ್ಲ. ಅವಳ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು.

"ಹೂಂ, ಅಪ್ಪಾನೇ" ಎಂದೆ.

ಅವತ್ತು ಅವಳು ತಟ್ಟೆ ತುಂಬ ಅನ್ನ ಉಂಡಳು. ಈಗ ದಿನಾ ಸಂಜೆ ಪೆಟ್ಟಿಗೆಯ ಮುಂದೆ ಕೂತು ಪಿಸುಮಾತಿನಲ್ಲಿ ಏನೇನೋ ಕೇಳುತ್ತಾಳೆ. ಅದು ಒಮ್ಮೊಮ್ಮೆ ನಿಲ್ಲುತ್ತದೆ.

ಅವರಿಗೆ ಕೊಟ್ಟ ಮಾತನ್ನು ನಾನು ಮುರಿದೆ.